ಮಂಜಿನ ಅಂಗಳದ ಎಂಟು ಪಂದ್ಯಗಳು

ಟೊರಾಂಟೊದ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಈ ನಾಡಿನ ಆಟದ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಬಡಾವಣೆಯ ರಿಂಕಿನಲ್ಲಿ ಮಕ್ಕಳಿಗೆ ಗೋಲು ಕಾಯುವುದನ್ನು ಕಲಿಸುತ್ತ ಬಂದ ನನಗೆ ಕೂಡಲೇ ನೆನಪಾದದ್ದು 1972ರ ಕೆನಡಾ–ಸೋವಿಯತ್ ಐಸ್ ಹಾಕಿ ಸರಣಿ.

ಮೊದಲು ಹಿರಿಯರನ್ನು ನೆನೆಯೋಣ. ಸೋವಿಯತ್ ಒಕ್ಕೂಟದಲ್ಲಿ ಈ ಆಟದ ಲೀಗ್ ಶುರುವಾದದ್ದೇ 1946ರಲ್ಲಿ. ಮಂಜಿನ ಅಂಗಳಗಳಿಗೇ ಬರವಿದ್ದ ಆ ದಿನಗಳಲ್ಲಿ ತರಬೇತುದಾರ ಅನಾತೊಲಿ ತರಾಸೊವ್ ಬರಿನೆಲದ ಮೇಲೆ ಕಸರತ್ತು ಮಾಡಿಸಿ ಆಟಗಾರರನ್ನು ಪಳಗಿಸಿದರು. 1954ರಲ್ಲಿ ಮೊದಲ ಬಾರಿ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದ ಸೋವಿಯತ್ ತಂಡ ಕೆನಡಾವನ್ನು 7–2ರಿಂದ ಮಣಿಸಿತು. ವೃತ್ತಿಪರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆಗ ಫಾದರ್ ಡೇವಿಡ್ ಬಾವರ್ ಕಾಲೇಜು ಹುಡುಗರನ್ನು ಕೂಡಿಸಿ ಕೆನಡಾಕ್ಕೊಂದು ರಾಷ್ಟ್ರೀಯ ತಂಡ ಕಟ್ಟಿದರು. ಕೊನೆಗೆ 1972ರಲ್ಲಿ ವೃತ್ತಿಪರರೇ ಕಣಕ್ಕಿಳಿದರು: ನಾಲ್ಕು ಪಂದ್ಯ ಕೆನಡಾದಲ್ಲಿ, ನಾಲ್ಕು ಮಾಸ್ಕೋದಲ್ಲಿ.

ಸೋವಿಯತ್ ಗೋಲ್‌ಕೀಪರ್ ವ್ಲಾಡಿಸ್ಲಾವ್ ಟ್ರೆಟಿಯಾಕ್‌ಗೆ ಆಗ 20 ವರ್ಷ. ಮುಖಕವಚವನ್ನು ಆಟದಲ್ಲಿ ರೂಢಿಗೆ ತಂದ ಮಾಂಟ್ರಿಯಲ್‌ನ ಹಿರಿಯ ಗೋಲ್‌ಕೀಪರ್ ಜಾಕ್ ಪ್ಲಾಂಟ್, ಮೊದಲ ಪಂದ್ಯಕ್ಕೆ ಮುನ್ನ ಎದುರಾಳಿಗಳ ಕೋಣೆಗೇ ಹೋಗಿ, ಕೆನಡಾದ ಯಾವ ಆಟಗಾರ ಹೇಗೆ ಹೊಡೆಯುತ್ತಾನೆಂದು ಆ ಹುಡುಗನಿಗೆ ತಿಳಿಸಿಕೊಟ್ಟರು. ಅಂದು ಸೋವಿಯತ್ ತಂಡ 7–3ರಿಂದ ಗೆದ್ದಿತು.

 

ಐದು ಪಂದ್ಯ ಮುಗಿದಾಗ ಕೆನಡಾ ಗೆದ್ದದ್ದು ಒಂದೇ. ಮುಂದಿನ ಮೂರನ್ನೂ ಅದು ಗೆದ್ದಿತು. ಮೂರರಲ್ಲೂ ವಿಜಯದ ಗೋಲು ಪಾಲ್ ಹೆಂಡರ್ಸನ್ ಅವರದೇ. ಸೆಪ್ಟೆಂಬರ್ 28ರ ಕೊನೆಯ ಪಂದ್ಯದಲ್ಲಿ 3–5ರ ಹಿನ್ನಡೆಯಿಂದ ಎದ್ದ ತಂಡಕ್ಕೆ, ಇನ್ನು 34 ಸೆಕೆಂಡು ಉಳಿದಿರುವಾಗ ಅವರು ಗೆಲುವಿನ ಗೋಲು ತಂದರು. ಅತ್ತ ಕೆನಡಾದ ಗೋಲ್‌ಕೀಪರ್ ಕೆನ್ ಡ್ರೈಡನ್ ಕೊನೆಯ ಪಿರಿಯಡ್‌ನಲ್ಲಿ ಒಂದೂ ಗೋಲು ಬಿಡದೆ ಕಾದದ್ದನ್ನು ಹೊಗಳಿದಷ್ಟೂ ಸಾಲದು. ಸರಣಿ ನಾಲ್ಕು ಗೆಲುವು, ಮೂರು ಸೋಲು, ಒಂದು ಡ್ರಾದೊಂದಿಗೆ ಕೆನಡಾದ್ದಾಯಿತು.

ಆಮೇಲೆ ಕೆನಡಾ ಕಪ್ ಬಂತು, ಸೋವಿಯತ್ ಆಟಗಾರರು ಅಮೆರಿಕ–ಕೆನಡಾದ ಲೀಗ್‌ಗೂ ಬಂದರು. 1989ರಲ್ಲಿ ಟ್ರೆಟಿಯಾಕ್‌ಗೆ ಟೊರಾಂಟೊದ ಹಾಕಿ ಕೀರ್ತಿಭವನದಲ್ಲಿ ಸ್ಥಾನ ಸಿಕ್ಕಿತು. ಹೆಂಡರ್ಸನ್‌ರ ಗೋಲು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಎದುರಾಳಿಗೂ ವಿದ್ಯೆ ಕೊಟ್ಟ ಪ್ಲಾಂಟ್‌ರ ದೊಡ್ಡತನವನ್ನೂ ಅವರಿಗೆ ಹೇಳಿಕೊಡುವುದು ನಮ್ಮಂಥ ಕಲಿಸುವವರ ಕರ್ತವ್ಯ.