ಹೆಬ್ಬೆಟ್ಟು ಒತ್ತಿದರೂ ಹೋಗದ ಹಕ್ಕು

ಊರಿನಿಂದ ಗಾರೆ ಕೆಲಸಕ್ಕೆ ಹೋದವರು ಸಾರುವೆಯಿಂದ ಬಿದ್ದರೆ ಬಿಲ್ಡರ್ ಕಡೆಯವರು ಹೇಳುವ ಮಾತು ಒಂದೇ: 'ಜವಾಬ್ದಾರಿಯೆಲ್ಲ ಕಂಟ್ರಾಕ್ಟರ್‌ದು ಅಂತ ಅಗ್ರಿಮೆಂಟಿನಲ್ಲಿದೆ, ನಮ್ಮನ್ನು ಕೇಳಬೇಡಿ.' ಹಾಗೆ ಬರೆದಿರುವುದು ನಿಜವೇ ಇರಬಹುದು. ಬಿಲ್ಡರ್‌ಗೆ ಆಗುವ ನಷ್ಟವನ್ನು ತಾನು ತುಂಬಿಕೊಡುತ್ತೇನೆ ಎಂದು ಕಂಟ್ರಾಕ್ಟರ್ ಒಪ್ಪುವ ಈ ಷರತ್ತಿಗೆ ಇಂಡೆಮ್ನಿಟಿ ಎನ್ನುತ್ತಾರೆ. 1872ರ ಕರಾರು ಕಾಯ್ದೆಯ 124ನೇ ಕಲಂ ಹೇಳುವುದು ಇಂಥ ಕರಾರಿನ ಬಗ್ಗೆಯೇ. ಆದರೆ ಅವರಿಬ್ಬರ ಕಾಗದಕ್ಕೆ ಬಿದ್ದವನು ಯಾಕೆ ಕಟ್ಟುಬೀಳಬೇಕು?

ಒಂದು ಕಾಲಕ್ಕೆ ಕಾಗದದ್ದೇ ಮೇಲುಗೈ. ಇಂಗ್ಲೆಂಡಿನಲ್ಲಿ 1880ರಲ್ಲಿ ಮಾಲೀಕರ ಹೊಣೆಗಾರಿಕೆ ಕಾಯ್ದೆ ಬಂತು. ಎರಡು ವರ್ಷಕ್ಕೆ, ಅರ್ಲ್ ಆಫ್ ಡಡ್ಲಿ ಎಂಬ ಸಿರಿವಂತನ ಕಲ್ಲಿದ್ದಲು ಗಣಿಯಲ್ಲಿ ಸತ್ತವನ ಹೆಂಡತಿ ಕೋರ್ಟಿಗೆ ಹೋದಳು. ಗಂಡ ಮೊದಲೇ ಒಪ್ಪಿಬಿಟ್ಟಿದ್ದ: ಏನಾದರೂ ಆದರೆ ಕೆಲಸಗಾರರ ನಿಧಿಯಿಂದ ಬಂದಷ್ಟೇ ಸಾಕು, ಕಾಯ್ದೆಯಡಿ ಕೇಳುವುದಿಲ್ಲ ಎಂದು. ಆ ಒಪ್ಪಿಗೆ ಹೆಂಡತಿಗೂ ಅನ್ವಯ ಎಂದಿತು ಕೋರ್ಟು. ಹೊಟ್ಟೆಪಾಡಿಗೆ ಗಣಿಗೆ ಇಳಿಯುವವನು ಒಲ್ಲೆ ಎನ್ನಲು ಆಗುತ್ತಿತ್ತೇ? ಅದನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮಲ್ಲಿ 1923ರ ಕಾರ್ಮಿಕ ಪರಿಹಾರ ಕಾಯ್ದೆ ಆ ಬಾಗಿಲು ಮುಚ್ಚಿತು. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಕೆಲಸಗಾರ ಬರೆದುಕೊಟ್ಟರೂ ಆ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ ಎಂದಿತು 17ನೇ ಕಲಂ. 12ನೇ ಕಲಂ ಇನ್ನೂ ಜಾಣತನದ್ದು. ತನ್ನ ವ್ಯಾಪಾರದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟವನು, ತನ್ನ ಹತೋಟಿಯ ಜಾಗದಲ್ಲಿ ಅಪಘಾತವಾದರೆ, ತಾನೇ ಪರಿಹಾರ ಕೊಡಬೇಕು. ಆಮೇಲೆ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಬಹುದು. ಅಂದರೆ ಇಂಡೆಮ್ನಿಟಿ ಷರತ್ತನ್ನು ಕಾಯ್ದೆ ಹರಿದು ಬಿಸಾಡಲಿಲ್ಲ, ಅವರಿಬ್ಬರ ನಡುವಿನ ಲೆಕ್ಕಕ್ಕೆ ಬಿಟ್ಟಿತು. ಕೆಲಸಗಾರ ಕಂಟ್ರಾಕ್ಟರ್‌ನನ್ನೇ ಕೇಳುತ್ತೇನೆಂದರೆ ಅದಕ್ಕೂ ಅಡ್ಡಿಯಿಲ್ಲ.

ಒಂದು ಕೊರತೆ ಮಾತ್ರ ಇದೆ. ಕಟ್ಟುವುದೇ ಕಸುಬಾದ ಬಿಲ್ಡರ್‌ಗೆ 12ನೇ ಕಲಂ ತಗಲುತ್ತದೆ, ವಾಸಕ್ಕೆಂದು ಸ್ವಂತ ಮನೆ ಕಟ್ಟಿಸುವವರಿಗಲ್ಲ. ಅಲ್ಲಿ ಕಂಟ್ರಾಕ್ಟರ್‌ನ ಬೆನ್ನು ಹತ್ತಬೇಕು. ಅವನು ನಮ್ಮೂರಿನ ಮೇಸ್ತ್ರಿಯೇ ಆಗಿದ್ದರೆ ಕೇಳಲು ಬಾಯಿ ಬರುವುದಿಲ್ಲ, ಆ ಸಂಕಟ ಬೇರೆ.

ಈ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಈ ಎರಡೂ ನಿಯಮ ಅಲ್ಲೂ ಇವೆ, ಕಲಂ ಸಂಖ್ಯೆ ಬೇರೆ. 1923ರ ಕಾಯ್ದೆಯಲ್ಲಿದ್ದ ಇನ್ನೊಂದು ಮಾತು: ಕೆಲಸಗಾರ ಸತ್ತರೆ ಪರಿಹಾರದ ಹಣವನ್ನು ಕಮಿಷನರ್ ಬಳಿಯೇ ಠೇವಣಿ ಇಡಬೇಕು. ತಿಥಿಯ ದಿನ ಮನೆಗೆ ಬಂದು ನೋಟಿನ ಕಟ್ಟು ಕೈಗಿಟ್ಟು, 'ಎಲ್ಲ ಚುಕ್ತಾ' ಎಂದು ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ, ಪರಿಹಾರ ಕೊಟ್ಟ ಹಾಗೆ ಆಗುವುದಿಲ್ಲ.