ಹತ್ತು ರಾಗ, ಒಂದು ಡಿಸ್ಕೋ ಬೀಟು

ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಫೋನ್ ಕೈಗಿಟ್ಟು, "ಅಣ್ಣ, ಇದು ಕೇಳು" ಅಂದ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಾನೆ ಅವನು. ನಮ್ಮೂರ ಡೊಳ್ಳಿನ ಪೆಟ್ಟು ರೆಕಾರ್ಡ್ ಮಾಡಿ, ಅದರ ಕೆಳಗೆ ಈಗ ಎಲ್ಲ ಕಡೆ ಕೇಳೋ ಇಡಿಎಂ ಬೀಟ್ ಕೂಡಿಸಿದ್ದ. ನಾನು ಪೂರ್ತಿ ಕೇಳಲೂ ಇಲ್ಲ. "ಎಲ್ಲರೂ ಮಾಡ್ತಿರೋದನ್ನೇ ಮಾಡಿದೀಯ, ಸ್ವಂತದ್ದು ಏನಿದೆ ಇದ್ರಲ್ಲಿ?" ಅಂದುಬಿಟ್ಟೆ. ಅವನು ಫೋನ್ ಜೇಬಿಗಿಟ್ಟುಕೊಂಡ. ಆಮೇಲೆ ಆ ಮಾತೇ ಎತ್ತಲಿಲ್ಲ. ದಿನಾ ಯಾರೋ ಬರೆದ ಓಪನ್ ಸೋರ್ಸ್ ಲೈಬ್ರರಿ ಜೋಡಿಸಿ ಸಂಬಳ ಎಣಿಸೋ ನಾನು ಆಡಿದ ಮಾತು ನೋಡಿ!

ಬೆಂಗಳೂರಿಗೆ ವಾಪಸ್ ಬರೋ ಬಸ್ಸಲ್ಲಿ ಚರಣ್‌ಜಿತ್ ಸಿಂಗ್ ನೆನಪಾದರು.

1980ರ ಆಸುಪಾಸು ಹಿಂದಿ ಸಿನಿಮಾಕ್ಕೆ ಡಿಸ್ಕೋ ಜ್ವರ ಬಡಿದಿತ್ತು. ಹಚ್ಚಿದವರಲ್ಲಿ ಒಬ್ಬರು ನಮ್ಮವರೇ, ಬೆಂಗಳೂರಲ್ಲಿ ಹುಟ್ಟಿದ ಕೊಡವರು ಬಿದ್ದು ಅಪ್ಪಯ್ಯ. ಲಂಡನ್ನಿಗೆ ಹೋಗಿ, 1974ರಲ್ಲಿ 'ಕುಂಗ್ ಫೂ ಫೈಟಿಂಗ್' ನಿರ್ಮಿಸಿ ಜಗತ್ತನ್ನೇ ಕುಣಿಸಿದವರು. 1980ರ 'ಕುರ್ಬಾನಿ'ಗೆ ಅವರು ನಾಜಿಯಾ ಹಸನ್ ಕೈಲಿ ಹಾಡಿಸಿದ ಹಾಡು ಬಂತು, ಮರುವರ್ಷ 'ಡಿಸ್ಕೋ ದಿವಾನೆ', 1982ರಲ್ಲಿ ಬಪ್ಪಿ ಲಾಹಿರಿಯವರ 'ಡಿಸ್ಕೋ ಡ್ಯಾನ್ಸರ್'. ಎಲ್ಲಿ ನೋಡಿದ್ರೂ ಅದೇ.

ಸಿಂಗ್ ಮುಂಬೈ ಸ್ಟುಡಿಯೋಗಳಲ್ಲಿ ಗಿಟಾರು, ಕೀಬೋರ್ಡು ನುಡಿಸುತ್ತಿದ್ದ ವಾದಕ. ಆರ್.ಡಿ. ಬರ್ಮನ್ ಅಂಥವರ ಹಾಡುಗಳಲ್ಲಿ ಇವರ ಕೈ ಇದೆ, ಕೇಳುಗರಿಗೆ ಹೆಸರು ಗೊತ್ತಿರಲಿಲ್ಲ ಅಷ್ಟೇ. ಎಲ್ಲರೂ ಡಿಸ್ಕೋ ಮಾಡ್ತಿದ್ದಾರೆ, ನಾನೂ ಮಾಡ್ತೀನಿ ಅಂತಲೇ ಅವರೂ ಹೊರಟದ್ದು. ಆದರೆ ತಬಲಾ ತೆಗೆದು ಡಿಸ್ಕೋ ಬೀಟ್ ಇಟ್ಟು, ಅದರ ಮೇಲೆ ರಾಗ ನುಡಿಸಿದರು. ಭೈರವಿ, ತೋಡಿ, ಯಮನ್, ನಮ್ಮ ಮೋಹನಕ್ಕೆ ಹತ್ತಿರದ ಭೂಪಾಲಿ, ಹಿಂದೋಳಕ್ಕೆ ಹತ್ತಿರದ ಮಾಲ್‌ಕೌಂಸ್, ಹೀಗೆ ಒಟ್ಟು ಹತ್ತು. 1982ರಲ್ಲಿ ಎಲ್‌ಪಿ ಬಂತು, 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಯಾರೂ ಕೊಳ್ಳಲಿಲ್ಲ.

ಬಳಸಿದ್ದು ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರ. ಅದರಲ್ಲಿ ಟಿಬಿ-303 ಒಂದು ತಮಾಷೆಯ ಪ್ರಾಣಿ. ಒಬ್ಬರೇ ಗಿಟಾರ್ ನುಡಿಸೋರಿಗೆ ಹಿಂದೆ ಬೇಸ್ ಕೊಡಲಿ ಅಂತ ಮಾಡಿದ್ದು. ಬೇಸ್ ಗಿಟಾರಿನ ದನಿ ಬರಲೇ ಇಲ್ಲ. ಪ್ರೋಗ್ರಾಮ್ ಮಾಡೋದಂತೂ ತಲೆನೋವು, ಸ್ವರ ಬೇರೆ ತುಂಬಬೇಕು, ಕಾಲ ಬೇರೆ ತುಂಬಬೇಕು. (ಅಂಥ ಇಂಟರ್‌ಫೇಸ್ ನಾನು ಬರೆದಿದ್ರೆ ಕೋಡ್ ರಿವ್ಯೂನಲ್ಲೇ ಮರ್ಯಾದೆ ಹೋಗ್ತಿತ್ತು.) 1981ರಲ್ಲಿ ಬಂದದ್ದು 1984ಕ್ಕೆ ನಿಂತೇಹೋಯ್ತು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಸೌಲಭ್ಯ ಅದರಲ್ಲಿತ್ತು. ಮೀಂಡ್ ಗೊತ್ತಿದ್ದ ಕಿವಿಗೆ ಇನ್ನೇನು ಬೇಕು?

ನನಗೆ ಮುಖ್ಯ ಅನ್ನಿಸೋದು ಬೇರೆ. ಡಿಸ್ಕೋ ಹಾಡಲ್ಲಿ ಕಾರ್ಡ್‌ಗಳು ಬದಲಾಗ್ತಾ ಹೋಗ್ತವೆ. ರಾಗಕ್ಕೆ ಅದು ಬೇಡ, ಷಡ್ಜ ಒಂದು ಕಡೆ ಊರಿದರೆ ಮುಗೀತು. ಹಾಗಾಗಿ ಸಿಂಗ್ ಕೈಲಿ ಡಿಸ್ಕೋದಿಂದ ಕಾರ್ಡುಗಳು ಕಳಚಿಬಿದ್ದವು. ಉಳಿದದ್ದು ನಿಲ್ಲದ ಬೀಟು, ಸುತ್ತಿ ಸುತ್ತಿ ಬರೋ, ಜಾರೋ ಬೇಸು.

ಐದು ವರ್ಷದ ನಂತರ, 1987ರಲ್ಲಿ, ಅಮೆರಿಕದ ಶಿಕಾಗೋದಲ್ಲಿ ಡಿಜೆ ಪಿಯರ್ ಮತ್ತು ಗೆಳೆಯರ 'ಫ್ಯೂಚರ್' ತಂಡ ಸೆಕೆಂಡ್ ಹ್ಯಾಂಡ್ 303ರ ತಿರುಗಣೆಗಳನ್ನು ಸುಮ್ಮನೆ ತಿರುಗಿಸ್ತಾ 'ಆಸಿಡ್ ಟ್ರ್ಯಾಕ್ಸ್' ಹೊರತಂದಿತು. ಆಸಿಡ್ ಹೌಸ್ ಅನ್ನೋ ಪ್ರಕಾರ ಅಲ್ಲಿಂದ ಜಗತ್ತಿಗೆ ಹಬ್ಬಿತು. 2010ರಲ್ಲಿ ಸಿಂಗ್ ಅವರ ಎಲ್‌ಪಿ ಮರುಬಿಡುಗಡೆ ಆದಾಗ ಕೇಳಿದವರಿಗೆ ದಿಗ್ಭ್ರಮೆ. ಇದು ಈಗ ಮಾಡಿದ ನಕಲಿ ಇರಬೇಕು ಅಂತ ಅನುಮಾನ ಪಟ್ಟವರೂ ಇದ್ದರು. ಆಮೇಲೆ ನಮ್ಮ ಕಡೆ ಶುರುವಾಯ್ತು, ಆಸಿಡ್ ಹೌಸ್ ಕಂಡುಹಿಡಿದದ್ದು ಭಾರತೀಯ ಅನ್ನೋ ಎದೆ ತಟ್ಟುವಿಕೆ.

ಅದನ್ನ ನಾನು ಒಪ್ಪಲ್ಲ. ಶಿಕಾಗೋ ಹುಡುಗರು ಈ ಎಲ್‌ಪಿ ಕೇಳಿದ್ದರು ಅನ್ನೋಕೆ ಆಧಾರ ಇಲ್ಲ, ಇಲ್ಲಿಂದ ಅಲ್ಲಿಗೆ ಏನೂ ಹರಿಯಲಿಲ್ಲ. ಸಿಂಗ್ ಹೊಸ ಪ್ರಕಾರ ಹುಟ್ಟಿಸೋಕೆ ಕೂತವರೂ ಅಲ್ಲ, ಆ ವರ್ಷದ ಫ್ಯಾಶನ್ ಹಿಡಿಯೋಕೆ ಕೂತವರು. ಫ್ಯಾಶನ್ ಹಿಡಿದವರು ಆವತ್ತು ನೂರು ಜನ ಇದ್ದರು. ಇವರು ಮಾತ್ರ ತಮಗೆ ಗೊತ್ತಿದ್ದ ಸಂಗೀತವನ್ನು ಮನೇಲಿ ಬಿಟ್ಟು ಬರಲಿಲ್ಲ, ಬೀಟೇ ಅದಕ್ಕೆ ಬಗ್ಗಬೇಕಾಯ್ತು. ಎಪ್ಪತ್ತು ದಾಟಿದ ಮೇಲೆ ವಿದೇಶಗಳಲ್ಲಿ ಕಛೇರಿ ಕೊಟ್ಟು, 2015ರಲ್ಲಿ ತೀರಿಕೊಂಡರು.

ರಾತ್ರಿ ತಮ್ಮನಿಗೆ ಭೂಪಾಲಿ ಕಳಿಸಿ, "ನಿನ್ನ ಡೊಳ್ಳಿನದ್ದೂ ಕಳಿಸು, ಪೂರ್ತಿ ಕೇಳ್ತೀನಿ" ಅಂತ ಬರೆದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಡೊಳ್ಳಿನ ಫೈಲು ಬಂತು, ಜೊತೆಗೆ ಒಂದು ಸಾಲು: "ಅಣ್ಣ, ಆ ಮಿಷನ್ ಈಗ ಎಷ್ಟಕ್ಕೆ ಸಿಗುತ್ತೆ?"