ಅನ್ಯಲೋಕದ ಭಾಷೆಯನ್ನು ಕಲಿಯುವುದು ಹೇಗೆ?

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ನೀವು ಎಂದಾದರೂ ಕುಳಿತಿದ್ದರೆ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಕಿಟಕಿಯ ಪಕ್ಕದ ಅಜ್ಜಿ ಮೊಮ್ಮಗನೊಡನೆ ತಮಿಳಿನಲ್ಲಿ ಮಾತನಾಡುತ್ತಾರೆ, ಕಡಲೆಕಾಯಿ ಮಾರುವವನೊಡನೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾರೆ, ಎದುರು ಕುಳಿತ ನಿಮಗೆ ಕನ್ನಡದಲ್ಲಿ ಉತ್ತರಿಸುತ್ತಾರೆ. ಈ ಮೂರು ಭಾಷೆಗಳನ್ನು ಅವರು ಯಾವ ವ್ಯಾಕರಣದ ಪುಸ್ತಕದಿಂದಲೂ ಕಲಿತವರಲ್ಲ. ಬೆರಳು ತೋರಿಸಿದ ಕಡೆ ಒಂದೇ ವಸ್ತು ಇರುತ್ತದೆ. ಹಸಿವು, ಬಾಯಾರಿಕೆ, ನೆಗಡಿ ಎಲ್ಲರಿಗೂ ಒಂದೇ. ಭಾಷೆಯ ಕಲಿಕೆ ಶುರುವಾಗುವುದೇ ಅಲ್ಲಿಂದ.

ಬೆರಳು ತೋರಿಸಲು ಏನೂ ಇಲ್ಲದಿದ್ದರೆ?

ಈ ಪ್ರಶ್ನೆ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದೆ. 1977ರ ಆಗಸ್ಟ್ 20ರಂದು ವಾಯೇಜರ್-2, ಸೆಪ್ಟೆಂಬರ್ 5ರಂದು ವಾಯೇಜರ್-1 ವ್ಯೋಮನೌಕೆಗಳು ಹೊರಟವು. ಎರಡರಲ್ಲೂ 12 ಅಂಗುಲ ವ್ಯಾಸದ, ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಯನ್ನು ಇಡಲಾಗಿದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಕೆಲವೇ ಸೆಕೆಂಡುಗಳ ಆ ಮಾತು ನಮಸ್ತೆ ಎಂದು ಆರಂಭವಾಗಿ ಕನ್ನಡಿಗರೆಲ್ಲರ ಪರವಾಗಿ ಶುಭ ಕೋರುತ್ತದೆ. ಶುಭಾಶಯಗಳ ಸಂಗ್ರಹದ ಹೊಣೆ ಹೊತ್ತವರು ಲಿಂಡಾ ಸಾಲ್ಜ್‌ಮನ್ ಸಾಗನ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಮತ್ತು ಅದರ ಸುತ್ತಮುತ್ತ ಇದ್ದ ನಾನಾ ಭಾಷಿಕರನ್ನು ಕರೆಸಿ ಮಾತನಾಡಿಸಿದರು. ಇದು ಅನ್ಯಲೋಕದ ಜೀವಿಗಳಿಗೆ ಹೇಳುವ ವಂದನೆ, ಚಿಕ್ಕದಾಗಿರಲಿ ಎಂಬುದಷ್ಟೇ ಸೂಚನೆ. ಅಂದ ಹಾಗೆ, ನಮ್ಮ ರೈಲಿನ ಮೂರು ಭಾಷೆಗಳಲ್ಲಿ ಕನ್ನಡ, ತೆಲುಗು ಎರಡೂ ಆಕಾಶಕ್ಕೆ ಹೋದವು. ತಮಿಳಿಗೆ ಜಾಗ ಸಿಗಲಿಲ್ಲ!

ವಾಯೇಜರ್-1 2012ರಲ್ಲಿ, ವಾಯೇಜರ್-2 2018ರಲ್ಲಿ ಸೌರಮಾರುತದ ವಲಯವನ್ನು ದಾಟಿ ನಕ್ಷತ್ರಗಳ ನಡುವಿನ ಅವಕಾಶವನ್ನು ಪ್ರವೇಶಿಸಿದವು. ಮುಂದೆಂದೋ ಯಾರಿಗೋ ಆ ಮುದ್ರಿಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದನ್ನು ನುಡಿಸುವ ವೇಗವನ್ನು ಹೊದಿಕೆಯ ಮೇಲೆ ಚಿತ್ರದಲ್ಲಿ ಸೂಚಿಸಲಾಗಿದೆ. ಕಾಲದ ಮಾನಕ ಹೈಡ್ರೊಜನ್ ಪರಮಾಣುವಿನ ಒಂದು ಸ್ಥಿತ್ಯಂತರಕ್ಕೆ ಸೇರಿದ್ದು. ಇಷ್ಟನ್ನು ಬುದ್ಧಿವಂತ ಜೀವಿಗಳು ಬಿಡಿಸಿಯಾರು. ಆದರೆ ಕನ್ನಡದ ಆ ವಾಕ್ಯ? ಪದ ಎಲ್ಲಿ ಮುಗಿಯಿತು, ಹಿಂದಿನ ಧ್ವನಿಯೂ ಇದೂ ಒಂದೇ ಭಾಷೆಯೋ ಬೇರೆಯೋ ಎಂದು ತಿಳಿಯುವ ದಾರಿಯೇ ಇಲ್ಲ. ಭೂಮಿಯ ಮೇಲೇ ನೋಡಿ. ಅದೇ ಮುದ್ರಿಕೆಯಲ್ಲಿರುವ ಸುಮೇರಿಯನ್ ಸಾವಿರಾರು ವರ್ಷಗಳ ಹಿಂದೆ ಸತ್ತ ಭಾಷೆ. ಅದನ್ನು ನಾವು ಓದಬಲ್ಲೆವು, ಏಕೆಂದರೆ ಅಕ್ಕಾಡಿಯನ್ ಲಿಪಿಕಾರರು ದ್ವಿಭಾಷಾ ಪದಪಟ್ಟಿಗಳನ್ನು ಬಿಟ್ಟುಹೋಗಿದ್ದರು. ಸಿಂಧೂ ಲಿಪಿಗೆ ಅಂಥ ಪಟ್ಟಿ ಸಿಕ್ಕಿಲ್ಲ. ಬರೆದವರು ನಮ್ಮಂತೆಯೇ ಎರಡು ಕೈ, ಹತ್ತು ಬೆರಳಿನ ಮನುಷ್ಯರಾದರೂ ಅದು ಸರ್ವಸಮ್ಮತವಾಗಿ ಓದಲಾಗದೆ ಉಳಿದಿದೆ.

ಎಲ್ಲರಿಗೂ ಸಮಾನವಾದದ್ದು ಏನಾದರೂ ಇರಲೇಬೇಕಲ್ಲವೇ? ಇದೆ: ಭೌತವಿಜ್ಞಾನ. 1965ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಭಾರತ, ಜಪಾನ್, ಬ್ರಿಟನ್‌ಗಳ ವಿಜ್ಞಾನಿಗಳು ಪತ್ತೆಹಚ್ಚಿದರು. ಆ ಕಣಗಳ ವರ್ತನೆ ಒಸಾಕಾದವರಿಗೊಂದು, ಮುಂಬಯಿಯವರಿಗೊಂದು ಎಂದಿಲ್ಲ. ಇದೇ ನಂಬಿಕೆಯ ಮೇಲೆ ಡಚ್ ಗಣಿತಜ್ಞ ಹಾನ್ಸ್ ಫ್ರಾಯ್ಡೆನ್‌ತಾಲ್ 1960ರಲ್ಲಿ ಲಿಂಕೋಸ್ ಎಂಬ ಭಾಷೆಯನ್ನು ರೂಪಿಸಿದರು. ಅದರ ಮೊದಲ ಪಾಠ ರೇಡಿಯೊ ಮಿಡಿತಗಳು. ಮಿಡಿತಗಳ ಎಣಿಕೆಯಿಂದ ಸಂಖ್ಯೆ, ಸಂಖ್ಯೆಗಳಿಂದ ಸಮ, ಹೆಚ್ಚು, ಕಡಿಮೆ, ಆಮೇಲೆ ಕಾಲ, ಆಮೇಲೆ ವರ್ತನೆ. ಪುಸ್ತಕದ ಮೇಲೆ ಒಂದನೆಯ ಭಾಗ ಎಂದು ಅಚ್ಚಾಗಿತ್ತು. ಎರಡನೆಯದು ಬರಲೇ ಇಲ್ಲ. ಎರಡು ಕೂಡಿಸು ಮೂರು ಎಂದು ಅನ್ಯಲೋಕಕ್ಕೆ ಹೇಳಬಹುದು. ‘ಊಟ ಆಯಿತಾ?’ ಎಂದು ಕೇಳುವುದು ಬಹಳ ದೂರದ ಪಾಠ.

ಇಷ್ಟು ಕಷ್ಟವಿದ್ದರೂ ಸಾವಿರಾರು ಜನ ‘ಅನ್ಯಲೋಕದ’ ಒಂದು ಭಾಷೆಯನ್ನು ಕಲಿಯಲು ಹೊರಟಿದ್ದಾರೆ! ಅದು ಸ್ಟಾರ್ ಟ್ರೆಕ್ ವಿಜ್ಞಾನ ಕಥಾಸರಣಿಯ ಯೋಧಜನಾಂಗದ ಭಾಷೆ, ಕ್ಲಿಂಗಾನ್. 1984ರ ಚಲನಚಿತ್ರಕ್ಕಾಗಿ ಅದನ್ನು ಕಟ್ಟಿದವರು ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್. 1985ರಲ್ಲಿ ನಿಘಂಟು ಬಂತು, 1992ರಲ್ಲಿ ಅಭಿಮಾನಿಗಳ ಸಂಸ್ಥೆ ಹುಟ್ಟಿತು, 1996ರಲ್ಲಿ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಆ ಭಾಷೆಯಲ್ಲಿ ಅಚ್ಚಾಯಿತು. ಇದು ವಿಚಿತ್ರ ಹವ್ಯಾಸವೆಂದು ನಗುವ ಮುನ್ನ ಅದರ ರಚನೆಯನ್ನು ನೋಡಿ. ವಿಜ್ಞಾನದ ಮೇಷ್ಟ್ರಿಗೂ ಕನ್ನಡದ ಮೇಷ್ಟ್ರಿಗೂ ಅಲ್ಲಿ ಸಮಾನ ಕೆಲಸವಿದೆ.

ಮೊದಲು ಧ್ವನಿಗಳು. ಕ್ಲಿಂಗಾನ್‌ನಲ್ಲಿ ನಮ್ಮ ಮೂರ್ಧನ್ಯ ಡಕಾರ, ಷಕಾರಗಳಿವೆ. ಇಂಗ್ಲಿಷ್ ಭಾಷಿಕ ನಾಲಿಗೆ ಮಡಚಲು ಪಾಡುಪಡುವಲ್ಲಿ ನಮ್ಮ ಮಕ್ಕಳಿಗೆ ಅದು ಸಲೀಸು. ಆದರೆ ನಮ್ಮ ವರ್ಗಾಕ್ಷರಗಳ ಅಚ್ಚುಕಟ್ಟು ಅಲ್ಲಿಲ್ಲ. ಡ ಇದೆ, ಅದರ ಜೊತೆಗಾರ ಟ ಇಲ್ಲ. ಷ ಇದೆ, ಸ ಇಲ್ಲ. ಮನುಷ್ಯರ ಭಾಷೆಗಳಲ್ಲಿ ಸಾಮಾನ್ಯವಾಗಿ ಜೋಡಿಯಾಗಿ ಬರುವ ಧ್ವನಿಗಳನ್ನು ಓಕ್ರಾಂಡ್ ಬೇಕೆಂದೇ ಒಡೆದರು, ಕೇಳಿದವರಿಗೆ ಪರಕೀಯವೆನಿಸಲಿ ಎಂದು. ನಮ್ಮ ಕಕಾರವೂ ಅಲ್ಲಿಲ್ಲ, ಅದಕ್ಕೆ ಬದಲು ಗಂಟಲಿನ ಇನ್ನೂ ಹಿಂದಿನಿಂದ ಹೊರಡುವ ಧ್ವನಿಗಳಿವೆ. ಹೀಗಾಗಿ ‘ಕನ್ನಡ’ ಎಂಬ ಹೆಸರನ್ನೇ ಆ ಭಾಷೆಯಲ್ಲಿ ಸರಿಯಾಗಿ ಉಚ್ಚರಿಸಲಾಗದು.

ಪದಗಳ ಕ್ರಮವೂ ಹಾಗೆಯೇ ತಲೆಕೆಳಗು. ಮೊದಲು ಕರ್ಮ, ನಡುವೆ ಕ್ರಿಯಾಪದ, ಕೊನೆಗೆ ಕರ್ತೃ. ‘ನೀರನ್ನು ಕುಡಿಯಿತು ಮಗು’ ಎಂದು ನಾವೂ ಹೇಳಬಹುದು, ಅರ್ಥ ಕೆಡುವುದಿಲ್ಲ, ಏಕೆಂದರೆ ‘ಅನ್ನು’ ಪ್ರತ್ಯಯ ಕಾವಲಿಗಿದೆ. ಕ್ಲಿಂಗಾನ್‌ನಲ್ಲಿ ಅಂಥ ವಿಭಕ್ತಿ ಇಲ್ಲದ್ದರಿಂದ ಕ್ರಮವೇ ಎಲ್ಲ. ‘ಹುಲಿ ಕೊಂದಿತು ಹಸು’ ಎಂದರೆ ಹಸುವೇ ಹುಲಿಯನ್ನು ಕೊಂದಿತು ಎಂದರ್ಥ. ಪುಣ್ಯಕೋಟಿಯ ಕಥೆಯನ್ನು ಅಲ್ಲಿ ಎಚ್ಚರದಿಂದ ಹೇಳಬೇಕು!

ನನಗೆ ಅತ್ಯಂತ ರುಚಿಸಿದ್ದು ಕ್ರಿಯಾಪದ. ಕ್ಲಿಂಗಾನ್ ಕ್ರಿಯಾಪದಕ್ಕೆ ಒಂಬತ್ತು ಬಗೆಯ ಪ್ರತ್ಯಯಗಳು ಗೊತ್ತಾದ ಸರದಿಯಲ್ಲಿ ಅಂಟಿಕೊಳ್ಳುತ್ತವೆ. ‘ಕುಡಿ’ ಎಂಬ ಧಾತುವಿಗೆ ‘ಮಾಡಿಸು’ ಎಂಬ ಪ್ರತ್ಯಯ, ಅದರ ಮೇಲೆ ‘ಬಲ್ಲ’ ಎಂಬುದು, ಅದರ ಮೇಲೆ ‘ಹಾಗೆ ತೋರುತ್ತದೆ’ ಎಂಬುದು ಸೇರಿದರೆ ಒಂದೇ ಪದವಾಯಿತು. ಇಂಗ್ಲಿಷಿನವರಿಗೆ ಇದನ್ನು ಹೇಳಲು ಒಂದು ಇಡೀ ವಾಕ್ಯ ಬೇಕು. ನಮಗೆ? ಕುಡಿ, ಕುಡಿಸು, ಕುಡಿಸಬಲ್ಲ, ಕುಡಿಸಬಲ್ಲನೇನೋ. ಸರದಿಯೂ ಅದೇ! ಎಂಟನೆಯ ಬಗೆಯಲ್ಲಿರುವುದು ಗೌರವಸೂಚಕ. ಅದರ ಅಗತ್ಯವನ್ನು ‘ಬಾ’, ‘ಬನ್ನಿ’ಗಳ ನಡುವೆ ಬೆಳೆದವರಿಗೆ ವಿವರಿಸಬೇಕಿಲ್ಲ. ಇದನ್ನು ಕಂಡು ಕ್ಲಿಂಗಾನ್ ಕನ್ನಡದಿಂದ ಹುಟ್ಟಿತು ಎಂದು ಯಾರೂ ಸಾರದಿರಲಿ. ಇಂಥ ಅಂಟು ಭಾಷೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ.

ಓಕ್ರಾಂಡ್ ಈ ಕಸುಬನ್ನು ಎಲ್ಲಿ ಕಲಿತರು? ವಾಯೇಜರ್ ಹೊರಟ 1977ರಲ್ಲೇ ಅವರು ಬರ್ಕ್‌ಲಿಯಲ್ಲಿ ಡಾಕ್ಟರೇಟ್ ಪ್ರಬಂಧ ಮುಗಿಸಿದರು. ವಿಷಯ, ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುಟ್ಸುನ್ ಭಾಷೆಯ ವ್ಯಾಕರಣ. ಅದನ್ನು ನಿರರ್ಗಳವಾಗಿ ಆಡಬಲ್ಲ ಕೊನೆಯವರು ಅಸೆನ್ಸಿಯಾನ್ ಸೊಲೋರ್ಸಾನೊ ಎಂಬ ವೃದ್ಧೆ. ಅವರ ಕೊನೆಯ ತಿಂಗಳುಗಳಲ್ಲಿ ಜೆ.ಪಿ. ಹ್ಯಾರಿಂಗ್ಟನ್ ಎಂಬ ಭಾಷಾವಿಜ್ಞಾನಿ ಹಾಸಿಗೆಯ ಪಕ್ಕದಲ್ಲಿ ಕುಳಿತು ಪದಗಳನ್ನು ಬರೆದುಕೊಂಡರು. 1930ರಲ್ಲಿ ಅವರು ತೀರಿಕೊಂಡರು. ಓಕ್ರಾಂಡ್‌ಗೆ ಸಿಕ್ಕಿದ್ದು ಆ ಟಿಪ್ಪಣಿಗಳು.

ಅಭಿಮಾನಿಗಳ ಆಟದಲ್ಲಿ ಇದರ ನೆರಳು ಕಾಣುತ್ತದೆ. ಕ್ಲಿಂಗಾನ್‌ಗೆ ಹೊಸ ಪದವನ್ನು ಕಲಿಯುವವರು ತಾವೇ ಹುಟ್ಟಿಸುವಂತಿಲ್ಲ, ಓಕ್ರಾಂಡ್‌ರನ್ನೇ ಕೇಳಬೇಕು. ಅವರೂ ಪದವನ್ನು ಸೃಷ್ಟಿಸಿದೆ ಎನ್ನುವುದಿಲ್ಲ. ಸೆರೆಸಿಕ್ಕ ಮಾಲ್ಟ್ಸ್ ಎಂಬ ಕ್ಲಿಂಗಾನನನ್ನು ಕೇಳಿ ತಿಳಿದೆ ಎನ್ನುತ್ತಾರೆ! ಒಬ್ಬನೇ ಭಾಷಿಕ, ಅವನ ಮುಂದೆ ಟಿಪ್ಪಣಿ ಪುಸ್ತಕ ಹಿಡಿದ ವಿದ್ವಾಂಸ. ತಮಾಷೆಯಾಗಿ ಕಂಡರೂ ಇದು ಕ್ಷೇತ್ರಕಾರ್ಯದ ನಿಜವಾದ ಚಿತ್ರ. ನಮ್ಮಲ್ಲಿ ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯನ್ನು ಹೀಗೆ ಆಡುವವರಿಂದಲೇ ಕೇಳಿ ವಿವರಿಸಿದರು. ಅವರ ಪುಸ್ತಕ 1971ರಲ್ಲಿ ಪುಣೆಯಿಂದ ಪ್ರಕಟವಾಯಿತು. ಕೊರಗ ಭಾಷೆ ಯುನೆಸ್ಕೊದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿದೆ. ಕ್ಲಿಂಗಾನ್ ಕಲಿಸಲು 2018ರಲ್ಲಿ ಡುಯೋಲಿಂಗೊ ಪಾಠಮಾಲೆಯೇ ಬಂತು.

ಪಾಠಮಾಲೆಯಿಂದ ಭಾಷೆ ಬದುಕುತ್ತದೆಯೇ ಎಂಬುದು ಬೇರೆ ಮಾತು. 1990ರ ದಶಕದಲ್ಲಿ ಅಮೆರಿಕದ ಭಾಷಾವಿಜ್ಞಾನಿಯೊಬ್ಬರು ತಮ್ಮ ಎಳೆಯ ಮಗುವಿನೊಡನೆ ಸುಮಾರು ಮೂರು ವರ್ಷ ಕ್ಲಿಂಗಾನ್‌ನಲ್ಲೇ ಮಾತನಾಡಿದರು. ಆಕಾಶನೌಕೆಗೆ ಪದವಿದ್ದ ಆ ಭಾಷೆಯಲ್ಲಿ ಮನೆಯ ಎಷ್ಟೋ ಸಾಮಾನಿಗೆ ಪದವಿರಲಿಲ್ಲ. ಸುತ್ತಲಿನವರಾರೂ ಆಡದ ಅದನ್ನು ಮಗು ಕ್ರಮೇಣ ಕೈಬಿಟ್ಟಿತು. ಬಂಗಾರಪೇಟೆಯ ಮಗುವಿಗೆ ಮೂರು ಭಾಷೆ ಬರುವುದು ಬೀದಿಯಲ್ಲಿ ಮೂರೂ ಇರುವುದರಿಂದ. ಮುಟ್ಸುನ್ ಜನಾಂಗದವರು 1990ರ ದಶಕದಲ್ಲಿ ತಮ್ಮ ಭಾಷೆಯನ್ನು ಮತ್ತೆ ಕಲಿಯಲು ತೊಡಗಿದರು. ಹ್ಯಾರಿಂಗ್ಟನ್ನರ ಟಿಪ್ಪಣಿ, ಓಕ್ರಾಂಡ್‌ರ ವ್ಯಾಕರಣಗಳು ಅವರಿಗೆ ಒದಗಿಬಂದವು. 2016ರಲ್ಲಿ ಅವರ ನಿಘಂಟು ಪ್ರಕಟವಾಯಿತು.

ತರಗತಿಯಲ್ಲಿ ಮಾಲ್ಟ್ಸ್ ಆಟವನ್ನು ಆಡಿಸಿ ನೋಡಿ. ಉಳಿದವರಿಗೆ ಬಾರದ ಮನೆಮಾತುಳ್ಳ ವಿದ್ಯಾರ್ಥಿಯೊಬ್ಬರನ್ನು ಮುಂದೆ ಕೂರಿಸಿ. ಅವರಿಗೆ ಕನ್ನಡ ಬಾರದೆಂದೇ ಭಾವಿಸಿ, ಬರೀ ಸನ್ನೆಯಿಂದ ಅರ್ಧ ಗಂಟೆಯಲ್ಲಿ ಎಷ್ಟು ಪದ, ಎಷ್ಟು ಪ್ರತ್ಯಯ ಸಿಗುತ್ತವೆ ಎಂದು ಬರೆದುಕೊಳ್ಳಿ. ಮೂಗು, ಕಲ್ಲು, ಎರಡು ಬೇಗ ಸಿಗುತ್ತವೆ. ‘ನಿನ್ನೆ’ ಎಂಬ ಪದವನ್ನು ಪಡೆಯಲು ಪ್ರಯತ್ನಿಸಿ.